ರಕ್ತ ಒಂದೇ, ಕೊಬ್ಬು ಒಂದೇ, ಬ್ಲಾಕ್ ಮಾತ್ರ ಕವಲಲ್ಲೇ ಯಾಕೆ?

ಮಂಡಿಪೇಟೆ_ಮಗ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು, ಅಂಗಡಿ ನಡೆಸುತ್ತೇನೆ. ವಿಜ್ಞಾನಕ್ಕೂ ನನಗೂ ಪಿಯುಸಿಯಲ್ಲೇ ಋಣ ಹರಿದಿದೆ. ಮೊನ್ನೆ ಅಪ್ಪನಿಗೆ ಆಂಜಿಯೋಗ್ರಾಮ್ ಆಯಿತು. ಎಡಗಡೆಯ ದೊಡ್ಡ ನಾಳ ಎರಡಾಗಿ ಒಡೆಯುತ್ತಲ್ಲ, ಸರಿಯಾಗಿ ಅಲ್ಲೇ ಬ್ಲಾಕ್. ಸ್ಟೆಂಟ್ ಹಾಕಿದ್ದಾರೆ, ಈಗ ಆರಾಮಾಗಿದ್ದಾರೆ. ಸ್ಕ್ರೀನ್ ಮೇಲೆ ತೋರಿಸುವಾಗ ಡಾಕ್ಟ್ರು "ಇಂಥ ಕವಲುಗಳಲ್ಲೇ ಜಾಸ್ತಿ ಬರೋದು" ಅಂದರು. ಯಾಕೆ ಸರ್ ಅಂತ ಕೇಳಿದೆ. "ರಕ್ತದ ಹರಿವಿಗೂ ನಾಳದ ಒಳಪದರದ ಜೀನುಗಳಿಗೂ ಸಂಬಂಧ ಇದೆ, ದೊಡ್ಡ ಕಥೆ ಅದು" ಅಂತ ಹೇಳಿ ಮುಂದಿನ ಪೇಷಂಟ್ ಕಡೆ ಹೋದರು.

ಆಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಕೊಲೆಸ್ಟ್ರಾಲ್ ರಕ್ತದಲ್ಲಿ ಎಲ್ಲಾ ಕಡೆ ಒಂದೇ ಅಲ್ವಾ? ಶುಗರ್, ಬೀಡಿ ಹೊಗೆ ಎಲ್ಲವೂ ಎಲ್ಲಾ ನಾಳಕ್ಕೂ ಹೋಗುತ್ತೆ. ಹಾಗಿದ್ದರೆ ಉದ್ದಕ್ಕೂ ಸಮವಾಗಿ ಕಟ್ಟಬೇಕಿತ್ತು. ಕವಲಲ್ಲೇ ಯಾಕೆ? ನಡುವೆ ಈ ಜೀನ್ ಎಲ್ಲಿಂದ ಬಂತು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಹರಿಹರ_ಮೆಕ್ಯಾನಿಕಲ್:
ಇದಕ್ಕೆ ಜೀನ್ ಗೀನ್ ಏನೂ ಬೇಡ ಬ್ರದರ್. ನಮ್ಮ ಭದ್ರಾ ನಾಲೆ ನೋಡಿ. ನೇರ ಇರುವ ಕಡೆ ನೀರು ರಭಸವಾಗಿ ಹೋಗುತ್ತೆ, ಹೂಳು ನಿಲ್ಲಲ್ಲ. ತಿರುವಿನ ಒಳಮಗ್ಗುಲಲ್ಲಿ, ತೂಬಿನ ಪಕ್ಕದಲ್ಲಿ ನೀರು ಸುತ್ತು ಹೊಡೆಯುತ್ತೆ, ಹೂಳೆಲ್ಲ ಅಲ್ಲೇ. ರಕ್ತನಾಳವೂ ಪೈಪೇ ತಾನೇ. ವೇಗ ಕಡಿಮೆ ಆದ ಕಡೆ ಕೊಬ್ಬು ಕೂರುತ್ತೆ. ಮುಗೀತು ಕಥೆ.

ನಾಲೆ_ಕೊನೇ_ರೈತ:
ನಮ್ಮ ಕಡೆ ಹೂಳು ಕೂರೋಕೂ ನೀರು ಬರಬೇಕಲ್ಲ ಸ್ವಾಮಿ.

ಲ್ಯಾಬ್_ಅಕ್ಕ:
ಮೆಕ್ಯಾನಿಕಲ್ ಅವರೇ, ಜಾಗ ಸರಿಯಾಗಿ ಹೇಳಿದಿರಿ, ಕಾರಣ ಒಪ್ಪಲ್ಲ. ಹೂಳು ನಾಲೆಯ ತಳದ ಮೇಲೆ ಕೂರುತ್ತೆ. ಕೊಬ್ಬು ನಾಳದ ಮೇಲ್ಮೈಯಲ್ಲಿ ಹಾಗೆ ಕೂರುವುದಿಲ್ಲ, ಒಳಪದರವನ್ನು ದಾಟಿ ಅದರ ಕೆಳಕ್ಕೆ ಇಳಿಯುತ್ತೆ. ಆ ಒಳಪದರ ಅಂದರೆ ಒಂದೇ ಒಂದು ಸಾಲು ಜೀವಕೋಶ. ಎಂಡೋಥೀಲಿಯಂ ಅಂತ ಹೆಸರು. ರಕ್ತ ಅದನ್ನು ಉಜ್ಜಿಕೊಂಡೇ ಹೋಗುತ್ತೆ, ಆ ಉಜ್ಜುವ ಬಲಕ್ಕೆ ಶಿಯರ್ ಸ್ಟ್ರೆಸ್ ಅಂತಾರೆ.

ರಕ್ತ ಒಂದೇ ದಿಕ್ಕಿಗೆ ಚೆನ್ನಾಗಿ ಉಜ್ಜಿದರೆ ಆ ಜೀವಕೋಶಗಳು ಹರಿವಿನ ದಿಕ್ಕಿಗೆ ಉದ್ದವಾಗಿ ಮಲಗುತ್ತವೆ. ಲ್ಯಾಬಿನಲ್ಲಿ ಒಂದು ದಿನದೊಳಗೆ ಕಣ್ಣಿಗೆ ಕಾಣುವ ಬದಲಾವಣೆ ಇದು. ಒಳಗೆ ಕೆಎಲ್‌ಎಫ್2, ಕೆಎಲ್‌ಎಫ್4 ಅನ್ನುವ ಜೀನುಗಳ ಕೆಲಸ ಏರುತ್ತೆ. ಇವು ಬೇರೆ ಜೀನುಗಳನ್ನು ಆಳುವ ಜೀನುಗಳು. ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಜಾಸ್ತಿ ಆಗುತ್ತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಥ್ರಾಂಬೋಮಾಡ್ಯುಲಿನ್ ಜಾಸ್ತಿ ಆಗುತ್ತೆ. ಕವಲಿನ ಹೊರಗೋಡೆಯಲ್ಲಿ ಹಾಗಲ್ಲ. ರಕ್ತ ಅಲ್ಲಿ ನಿಧಾನ, ಪ್ರತಿ ಬಡಿತಕ್ಕೂ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅಲ್ಲಿನ ಜೀವಕೋಶಗಳಿಗೆ ದಿಕ್ಕೇ ಇಲ್ಲ. ಉರಿಯೂತ ಎಬ್ಬಿಸುವ ಎನ್‌ಎಫ್-ಕಪ್ಪ-ಬಿ ಅನ್ನುವ ಪ್ರೋಟೀನು ತಯಾರಾಗಿ ಕೂತಿರುತ್ತೆ. ವಿಕ್ಯಾಮ್-1 ಅನ್ನುವ ಅಂಟುವ ಪ್ರೋಟೀನು ಮೇಲ್ಮೈಗೆ ಬರುತ್ತೆ. ಹಾದು ಹೋಗುವ ಬಿಳಿರಕ್ತಕಣ ಅದನ್ನು ಹಿಡಿದು ಒಳಗೆ ನುಗ್ಗುತ್ತೆ. ಒಳಗೆ ಇಳಿದ ಕೊಬ್ಬನ್ನು ಅದು ತಿಂದು ಉಬ್ಬಿದಾಗ ಬ್ಲಾಕಿನ ಮೊದಲ ಹಂತ.

ಹೂಳಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ನಾಲೆಯ ತಳ ಸುಮ್ನೆ ಬಿದ್ದಿರುತ್ತೆ, ಈ ತಳ ನೀರನ್ನು ನೋಡಿ ತನ್ನ ನಡತೆ ಬದಲಿಸುತ್ತೆ.

ದುರ್ಗದ_ಹುಲಿ:
ಸ್ವಲ್ಪ ತಡೀರಿ ಅಕ್ಕ. ಜೀನ್ ಅಂದರೆ ಅಪ್ಪ ಅಮ್ಮನಿಂದ ಬರೋದು. ಹುಟ್ಟಿದ ಮೇಲೆ ಬದಲಾಗಲ್ಲ. ರಕ್ತ ಉಜ್ಜಿದ ಮಾತ್ರಕ್ಕೆ ಜೀನ್ ಬದಲಾಗುತ್ತೆ ಅಂದರೆ ನಾವು ದುರ್ಗದ ಕೋಟೆ ಹತ್ತಿ ಇಳಿದರೆ ಬೇರೆ ಮನುಷ್ಯರೇ ಆಗಿಬಿಡ್ತೀವಾ?

ಪಿಯು_ಬಯಾಲಜಿ_ಮೇಷ್ಟ್ರು:
ಹುಲಿ ಅವರೇ, ಇದು ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಬರುವ ಪ್ರಶ್ನೆ. ಜೀನ್ ಬದಲಾಗಲ್ಲ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದು ಬದಲಾಗುತ್ತೆ. ನಿಮ್ಮ ಚರ್ಮದ ಜೀವಕೋಶದಲ್ಲೂ ಲಿವರಿನ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಚರ್ಮ ಪಿತ್ತರಸ ಮಾಡುವುದಿಲ್ಲ. ಜೀನಿನಿಂದ ಆರ್‌ಎನ್‌ಎ ಪ್ರತಿ ತೆಗೆಯುವುದು, ಆ ಪ್ರತಿ ನೋಡಿ ಪ್ರೋಟೀನ್ ಕಟ್ಟುವುದು, ಇದನ್ನೇ ಎಕ್ಸ್‌ಪ್ರೆಶನ್ ಅನ್ನುವುದು. ಅದು ಗಂಟೆಗಟ್ಟಲೆಯಲ್ಲಿ ಏರುತ್ತೆ, ಇಳಿಯುತ್ತೆ.

ಹರಿವಿಗೆ ಸ್ಪಂದಿಸುವ ಜಾಗ ಜೀನಿನ ಪಕ್ಕದಲ್ಲೇ ಬರೆದಿರುತ್ತೆ ಅನ್ನುವುದು ಇನ್ನೂ ಸ್ವಾರಸ್ಯ. 1993ರಲ್ಲಿ ಬೋಸ್ಟನ್ನಿನ ಗಿಂಬ್ರೋನ್ ಅವರ ಗುಂಪು ಪಿಡಿಜಿಎಫ್-ಬಿ ಅನ್ನುವ ಜೀನಿನ ಮುಂದೆ ಬರೀ 6 ಅಕ್ಷರದ ಡಿಎನ್‌ಎ ತುಂಡು ತೋರಿಸಿತು: ಜಿಎಜಿಎಸಿಸಿ. ಶಿಯರ್ ಸ್ಟ್ರೆಸ್ಸಿಗೆ ಆ ಜೀನ್ ಓಗೊಡಬೇಕಾದರೆ ಆ ತುಂಡು ಬೇಕು. ಕೆಎಲ್‌ಎಫ್2 ಹರಿವಿಗೆ ಏರುತ್ತೆ ಅಂತ ಆಮ್‌ಸ್ಟರ್‌ಡ್ಯಾಮ್ ಗುಂಪು ಹೇಳಿದ್ದು 2002ರಲ್ಲಿ. ಕೋಟೆ ಹತ್ತಿ, ತೊಂದರೆ ಇಲ್ಲ. ದುರ್ಗದವರಾಗಿಯೇ ಕೆಳಗೆ ಇಳೀತೀರಿ.

ದುರ್ಗದ_ಹುಲಿ:
ದಾವಣಗೆರೆಯವರಾಗಿ ಇಳಿಯೋದಿದ್ದರೆ ಹತ್ತುತ್ತಲೇ ಇರಲಿಲ್ಲ 😄

ಬೆಣ್ಣೆದೋಸೆ_ಭಕ್ತ:
ಇದರಲ್ಲಿ ಬೆಣ್ಣೆ ಪಾತ್ರ ಏನು ಅಂತ ಯಾರಾದರೂ ಬೇಗ ಹೇಳಿ. ಬೆಳಗ್ಗೆ ತಿಂಡಿ ನಿರ್ಧಾರ ಆಗಬೇಕಿದೆ.

ಹರಿಹರ_ಮೆಕ್ಯಾನಿಕಲ್:
ಅಕ್ಕ, ಉಜ್ಜುವ ಬಲ ಅಂತ ಸುಮ್ನೆ ಹೇಳಿದರೆ ಆಗಲ್ಲ, ಲೆಕ್ಕ ಕೊಡಿ. ಬೀಪಿ 120 ಅಂದರೆ ಸುಮಾರು 16,000 ಪಾಸ್ಕಲ್. ಅಷ್ಟು ಒತ್ತಡ ಗೋಡೆ ಮೇಲೆ ಬೀಳುವಾಗ ಈ ಉಜ್ಜಾಟ ಎಷ್ಟಿರುತ್ತೆ? ನನ್ನ ಅಂದಾಜಿನಲ್ಲಿ ಏನೇನೂ ಇರಲ್ಲ. ಇನ್ನೊಂದು ಮಾತು. ಎಲ್ಲಿ ಉಜ್ಜಾಟ ಜಾಸ್ತಿಯೋ ಅಲ್ಲಿ ತಾನೇ ಸವೆತ? ಪಂಪಿನ ಬೆಂಡಿನಲ್ಲಿ ನಾವು ನೋಡುವುದೇ ಅದನ್ನು. ನೀವು ಉಲ್ಟಾ ಹೇಳ್ತಿದ್ದೀರಿ, ಕಡಿಮೆ ಉಜ್ಜಿದ ಕಡೆ ಕಾಯಿಲೆ ಅಂತ.

ಲ್ಯಾಬ್_ಅಕ್ಕ:
ಒಳ್ಳೆ ಪ್ರಶ್ನೆ. 60ರ ದಶಕದ ಕೊನೆಗೆ ವಿಜ್ಞಾನಿಗಳೂ ಇದೇ ಜಗಳ ಆಡಿದ್ದಾರೆ. 1968ರಲ್ಲಿ ಅಮೆರಿಕದ ಫ್ರೈ ನಿಮ್ಮ ಹಾಗೇ ಹೇಳಿದ್ದರು. ನಾಯಿಯ ಮಹಾಪಧಮನಿಯಲ್ಲಿ (ಹೃದಯದಿಂದ ಹೊರಡುವ ದೊಡ್ಡ ನಾಳ) ಬಲ ಜಾಸ್ತಿ ಮಾಡಿ, ಒಳಪದರ ಕಿತ್ತು ಹೋಗುತ್ತೆ ಅಂತ ತೋರಿಸಿದರು. ಆದರೆ ಅದಕ್ಕೆ ಬೇಕಾದ ಬಲ ಚದರ ಸೆಂಟಿಮೀಟರಿಗೆ 400 ಡೈನ್ (ಬಲದ ಒಂದು ಚಿಕ್ಕ ಅಳತೆ) ಹತ್ತಿರ, ನಾಳದಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು. ಮರುವರ್ಷ ಲಂಡನ್ನಿನ ಕ್ಯಾರೋ ಮತ್ತು ಜೊತೆಗಾರರು ಸತ್ತವರ ನಾಳಗಳಲ್ಲಿ ಬ್ಲಾಕಿನ ಜಾಗ ಗುರುತು ಹಾಕಿ ನೋಡಿದರು. ಬಲ ಕಡಿಮೆ ಇರಬೇಕಾದ ಜಾಗಗಳಲ್ಲೇ ಬ್ಲಾಕ್ ಇತ್ತು. 1985ರಲ್ಲಿ ಕತ್ತಿನ ಕೆರೋಟಿಡ್ ನಾಳದ ಕವಲನ್ನು ಅಳೆದಾಗ, ಕಡಿಮೆ ಬಲದ ಜೊತೆ ಹಿಂದೆ ಮುಂದೆ ಓಲಾಡುವ ಹರಿವೂ ಅಲ್ಲೇ ಇದೆ ಅಂತ ಗೊತ್ತಾಯಿತು. ಅಲ್ಲಿಗೆ ಕ್ಯಾರೋ ಗೆದ್ದರು ಅನ್ನಿ.

ಲೆಕ್ಕ: ಆರೋಗ್ಯವಾದ ಅಪಧಮನಿಯಲ್ಲಿ (ಆರ್ಟರಿ) 10ರಿಂದ 70 ಡೈನ್, ಅಂದರೆ 1ರಿಂದ 7 ಪಾಸ್ಕಲ್. ಬ್ಲಾಕ್ ಬರುವ ಜಾಗಗಳಲ್ಲಿ 4 ಡೈನಿಗಿಂತ ಕಡಿಮೆ. ಬೀಪಿಯ ಒತ್ತಡ ಇದರ ಸಾವಿರಾರು ಪಟ್ಟು. ಆದರೂ ಈ ಜೀವಕೋಶ ಆ ಚಿಕ್ಕ ಬಲವನ್ನು ಬೇರೆಯಾಗಿ ಗುರುತಿಸುತ್ತೆ. ಬೀಪಿ ಗೋಡೆಯನ್ನು ಹಿಗ್ಗಿಸುತ್ತೆ, ಅದರ ಪರಿಣಾಮವೂ ಬೇರೆ ಇದೆ. ಉಜ್ಜಾಟ ಪಕ್ಕಕ್ಕೆ ಎಳೆಯುತ್ತೆ. ನಿಮಗೆ ಇಷ್ಟ ಆಗುವ ಇನ್ನೊಂದು ವಿಷಯ: ಹರಿವು ಅಷ್ಟೇ ಇದ್ದು ನಾಳದ ತ್ರಿಜ್ಯ ಅರ್ಧ ಆದರೆ ಶಿಯರ್ ಸ್ಟ್ರೆಸ್ 8 ಪಟ್ಟು ಏರುತ್ತೆ. ಘನದ ಲೆಕ್ಕ.

ಹರಿಹರ_ಮೆಕ್ಯಾನಿಕಲ್:
ಅದು ನೇರ ಪೈಪು, ಸಮ ಹರಿವು ಅಂತ ಇಟ್ಟುಕೊಂಡರೆ. ಹೃದಯ ಹಾಗೆ ಪಂಪ್ ಮಾಡಲ್ಲ. ಸರಿ, ಅದು ಆಮೇಲೆ. ಜೀವಕೋಶಕ್ಕೆ ಇದು ಗೊತ್ತಾಗೋದು ಹೇಗೆ? ಸೆನ್ಸರ್ ಎಲ್ಲಿ?

ಪಿಯು_ಬಯಾಲಜಿ_ಮೇಷ್ಟ್ರು:
ಒಂದಲ್ಲ, ಹಲವಾರು. ಒಂದು, ಪೀಝೋ1 ಅನ್ನುವ ಪ್ರೋಟೀನು. ಜೀವಕೋಶದ ಪೊರೆಯಲ್ಲಿ ಇರುತ್ತೆ, ಎಳೆದರೆ ಬಾಯಿ ತೆರೆದು ಕ್ಯಾಲ್ಸಿಯಂ ಒಳಗೆ ಬಿಡುತ್ತೆ. ಪೀಝೋಗಳನ್ನು ಪತ್ತೆ ಮಾಡಿ 2010ರಲ್ಲಿ ಪ್ರಕಟಿಸಿದ ಅರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಡೇವಿಡ್ ಜೂಲಿಯಸ್ ಜೊತೆಗೆ. ಇನ್ನೊಂದು, ಅಕ್ಕಪಕ್ಕದ ಜೀವಕೋಶಗಳು ಸೇರುವ ಅಂಚಿನಲ್ಲಿ 3 ಪ್ರೋಟೀನುಗಳ ಕೂಟ: ಪೀಕ್ಯಾಮ್-1, ವಿಇ-ಕ್ಯಾಡ್‌ಹೆರಿನ್, ವೆಜ್‌ಎಫ್ ರಿಸೆಪ್ಟರ್-2. ಇದು 2005ರಲ್ಲಿ ಬಂದ ಸುದ್ದಿ. ಜೊತೆಗೆ ಜೀವಕೋಶದ ಮೇಲೆ ಸಕ್ಕರೆ ಸರಪಳಿಗಳ ತೆಳು ಹೊದಿಕೆ ಇದೆ, ರಕ್ತ ಮೊದಲು ತಾಗುವುದು ಅದಕ್ಕೇ. ಯಾವುದು ಮುಖ್ಯ ಅಂತ ಕೇಳಿದರೆ ಒಂದೊಂದು ಲ್ಯಾಬು ಒಂದೊಂದು ಹೆಸರು ಹೇಳುತ್ತೆ. ತಮ್ಮ ತಮ್ಮ ಪ್ರೋಟೀನಿನ ಮೇಲೆ ಎಲ್ಲರಿಗೂ ಸ್ವಲ್ಪ ಮೋಹ.

ಕುಂದವಾಡ_ವಾಕರ್:
ನಾನು ದಿನಾ ಬೆಳಗ್ಗೆ ಕುಂದವಾಡ ಕೆರೆ ಸುತ್ತ ನಡೀತೀನಿ. ಇದನ್ನೆಲ್ಲ ಓದಿದರೆ ನಡೆದಾಗ ರಕ್ತ ಜೋರಾಗಿ ಹರಿಯುತ್ತೆ, ಒಳ್ಳೆ ಜೀನ್ ಏರುತ್ತೆ, ಬ್ಲಾಕ್ ಬರಲ್ಲ ಅಂತ ಅನ್ನಿಸುತ್ತೆ. ಸರೀನಾ?

ಲ್ಯಾಬ್_ಅಕ್ಕ:
ಮೊದಲ ಎರಡು ಮಾತಿಗೆ ಒಪ್ಪಿಗೆ ಅಂಕಲ್, ಮೂರನೆಯದಕ್ಕೆ ಅಷ್ಟು ಗ್ಯಾರಂಟಿ ಕೊಡಲ್ಲ. ನಡೆದಾಗ ಹರಿವು ಏರುತ್ತೆ, ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ನಾಳ ಹಿಗ್ಗುತ್ತೆ. ಇದರ ಕಥೆ ಚೆನ್ನಾಗಿದೆ. 1980ರಲ್ಲಿ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡಿಗೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿ ನೋಡುತ್ತಿದ್ದರು. ಒಳಪದರ ಉಳಿದಿದ್ದರೆ ತುಂಡು ಸಡಿಲ ಆಗುತ್ತೆ, ಉಜ್ಜಿ ತೆಗೆದಿದ್ದರೆ ಆಗಲ್ಲ. ಅಂದರೆ ಒಳಪದರವೇ ಏನನ್ನೋ ಬಿಡುತ್ತಿದೆ. ಅದೇ ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು. 1998ರಲ್ಲಿ ಅವರಿಗೆ, ಇಗ್ನಾರೋ ಮತ್ತು ಮುರಾಡ್ ಅವರಿಗೆ ನೊಬೆಲ್ ಬಂತು. ಎದೆನೋವು ಬಂದವರು ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳುತ್ತಾರಲ್ಲ, ಅದರಿಂದಲೂ ದೇಹಕ್ಕೆ ಸಿಗುವುದು ಇದೇ ನೈಟ್ರಿಕ್ ಆಕ್ಸೈಡ್.

ಕಷಾಯ_ಕೇಂದ್ರ:
ನಮ್ಮ ವಿಶೇಷ ಕಷಾಯ 40 ದಿನ ಕುಡಿದರೆ ಎಲ್ಲಾ ಬ್ಲಾಕ್ ಕರಗುತ್ತೆ, ಸ್ಟೆಂಟ್ ಬೇಕಾಗಿಲ್ಲ. ಇನ್‌ಬಾಕ್ಸಿಗೆ ಬನ್ನಿ.

ಡಯಾಲಿಸಿಸ್_ಹುಡುಗ:
ಇವರನ್ನು ಯಾರಾದರೂ ಕರಗಿಸಿ ಮೊದಲು.

ಅಡ್ಮಿನ್:
ಕರಗಿಸಲಾಗಿದೆ.

ತುಪ್ಪದ_ವಾದಿ:
ಹಾಗಾದರೆ ತಪ್ಪೆಲ್ಲ ಹರಿವಿನದ್ದು. ಕೊಲೆಸ್ಟ್ರಾಲ್ ಸುಮ್ನೆ ಬೈಸಿಕೊಂಡಿತು ಇಷ್ಟು ವರ್ಷ. ನಾನು ಮೊದಲಿನಿಂದ ಹೇಳ್ತಾನೇ ಇದ್ದೀನಿ. ತುಪ್ಪ ತಿನ್ನಿ, ಚೆನ್ನಾಗಿ ನಡೀರಿ.

ಲ್ಯಾಬ್_ಅಕ್ಕ:
ಇಲ್ಲ ಸರ್, ಆ ಕಡೆ ಎಳೀಬೇಡಿ. ಹರಿವು ಜಾಗ ಆರಿಸುತ್ತೆ, ಕೊಲೆಸ್ಟ್ರಾಲ್ ಬ್ಲಾಕ್ ಕಟ್ಟುತ್ತೆ. ಎರಡೂ ಬೇಕು. 2000ದಲ್ಲಿ ಇಲಿಯ ಮಹಾಪಧಮನಿ ನೋಡಿದರು. ಬ್ಲಾಕ್ ಬರಬಹುದಾದ ಜಾಗದಲ್ಲಿ ಎನ್‌ಎಫ್-ಕಪ್ಪ-ಬಿ ಮೊದಲೇ ಜಾಸ್ತಿ ಇತ್ತು, ಆದರೆ ಹೆಚ್ಚಿನ ಜೀವಕೋಶಗಳಲ್ಲಿ ಸುಮ್ಮನೆ ಕೂತಿತ್ತು. ಕೊಬ್ಬಿನ ಆಹಾರ ಕೊಟ್ಟಾಗ, ಸೋಂಕಿನ ಅಂಶ ಕೊಟ್ಟಾಗ ಅದು ಅಲ್ಲೇ ಎದ್ದಿತು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಕಡಿಮೆ ಇಟ್ಟರೆ ಆ ಕವಲು ಎಷ್ಟೇ ಕೆಟ್ಟದಾಗಿದ್ದರೂ ಕಟ್ಟಲು ಸಾಮಾನು ಸಿಗಲ್ಲ. ಸ್ಟ್ಯಾಟಿನ್ ಮಾತ್ರೆ ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ಲ್ಯಾಬಿನ ಜೀವಕೋಶಗಳಲ್ಲಿ ಕೆಎಲ್‌ಎಫ್2 ಕೂಡ ಏರಿಸುತ್ತೆ ಅಂತ 2005ರಲ್ಲಿ ತೋರಿಸಿದ್ದಾರೆ. ಹಾಗಾಗಿ ಯಾರೂ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ.

ಮಂಡಿಪೇಟೆ_ಮಗ:
ಇಷ್ಟು ಜನ ಬರೀತೀರಿ ಅಂದುಕೊಂಡಿರಲಿಲ್ಲ. ಒಂದು ಸಂಶಯ. ಕವಲಲ್ಲಿ ಹರಿವು ಕೆಟ್ಟಿರುತ್ತೆ, ಬ್ಲಾಕೂ ಅಲ್ಲೇ ಇರುತ್ತೆ. ಎರಡೂ ಒಂದೇ ಕಡೆ ಇದ್ದ ಮಾತ್ರಕ್ಕೆ ಒಂದರಿಂದ ಇನ್ನೊಂದು ಅಂತ ಹೇಗೆ ಹೇಳ್ತೀರಿ? ಕವಲಿನ ಗೋಡೆಯೇ ಹುಟ್ಟಿನಿಂದ ಬೇರೆ ಥರ ಇರಬಹುದಲ್ಲ?

ಲ್ಯಾಬ್_ಅಕ್ಕ:
ವಿಜ್ಞಾನ ಬಿಟ್ಟೆ ಅಂದವರು ಕೇಳುವ ಪ್ರಶ್ನೆ ನೋಡಿ! ಇದಕ್ಕೆ ಉತ್ತರ ಕೊಟ್ಟ ಪ್ರಯೋಗ ನನಗೆ ತುಂಬಾ ಇಷ್ಟ. 2009ರಲ್ಲಿ ಪ್ರಕಟ ಆಗಿದ್ದು. ಇಲಿಯ ಕತ್ತಿನ ಎಡ ಕೆರೋಟಿಡ್ ಮುಂದೆ 4 ಕವಲಾಗುತ್ತೆ. ಅದರಲ್ಲಿ 3ನ್ನು ದಾರದಿಂದ ಕಟ್ಟಿದರು, ಒಂದನ್ನು ಬಿಟ್ಟರು. ಕೆರೋಟಿಡ್ಡಿನ ಆ ನೇರ ಭಾಗಕ್ಕೆ ಅಲ್ಲಿಯವರೆಗೆ ಬ್ಲಾಕ್ ಬರುವ ಚಾಳಿ ಇರಲಿಲ್ಲ. ಕಟ್ಟಿದ ಮೇಲೆ ಅಲ್ಲಿ ಹರಿವು ಕುಗ್ಗಿತು, ಹಿಂದೆ ಮುಂದೆ ಓಲಾಡತೊಡಗಿತು. ಕೊಬ್ಬು ಏರುವ ಜಾತಿಯ ಇಲಿ, ಕೊಬ್ಬಿನ ಆಹಾರ. 2 ವಾರದಲ್ಲಿ ಎಡಗಡೆ ಬ್ಲಾಕ್ ಎದ್ದಿತು. ಬಲಗಡೆಯ ಕೆರೋಟಿಡ್ ಶುದ್ಧವಾಗಿತ್ತು. ಒಂದೇ ಇಲಿ, ಒಂದೇ ರಕ್ತ, ಒಂದೇ ಕೊಲೆಸ್ಟ್ರಾಲ್. ಬೇರೆ ಆಗಿದ್ದು ಹರಿವು ಮಾತ್ರ. ಬ್ಲಾಕ್ ಕಾಣುವ ಮೊದಲೇ ನೂರಾರು ಜೀನುಗಳು ದಿಕ್ಕು ಬದಲಿಸಿದ್ದವು. ಆಮೇಲಿನ ಕೆಲಸದಲ್ಲಿ ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಚಿಕ್ಕ ರಾಸಾಯನಿಕ ಗುರುತುಗಳೂ ಬದಲಾಗುವುದು ಕಂಡಿತು. ಅಕ್ಷರ ಅವೇ, ಮೇಲಿನ ಗುರುತು ಬೇರೆ.

ಜೀವಕೋಶಗಳನ್ನು ಪ್ರಾಣಿಯಿಂದ ಹೊರಗೆ ತಂದೂ ನೋಡಿದ್ದಾರೆ. ತಟ್ಟೆಯಲ್ಲಿ ಬೆಳೆಸಿ, ಮೇಲೆ ಶಂಕುವಿನ ಆಕಾರದ ತಿರುಗುವ ಭಾಗ ಇಟ್ಟು ದ್ರವ ಓಡಿಸುವ ಯಂತ್ರ 1981ರಿಂದಲೂ ಇದೆ. 2004ರಲ್ಲಿ ಮನುಷ್ಯರ ಕೆರೋಟಿಡ್ಡಿನಿಂದಲೇ ಎರಡು ಹರಿವಿನ ನಮೂನೆ ತೆಗೆದುಕೊಂಡರು. ಒಂದು ಬ್ಲಾಕ್ ಬರುವ ಜಾಗದ್ದು, ಇನ್ನೊಂದು ಬರದ ಜಾಗದ್ದು. ಒಂದೇ ಥರದ ಜೀವಕೋಶಗಳ ಮೇಲೆ ಓಡಿಸಿದರು. ಮೊದಲನೆಯದು ಉರಿಯೂತದ ಕಡೆಗೆ ತಿರುಗಿಸಿತು, ಎರಡನೆಯದು ಕಾಪಾಡುವ ಕಡೆಗೆ.

ಎಮ್ಮೆಸ್ಸಿ_ತೋಳಹುಣಸೆ:
ಅಕ್ಕ, ಗೌರವದಿಂದಲೇ ತಕರಾರು. ಆ ತಟ್ಟೆಯ ಜೀವಕೋಶಗಳು ಎಲ್ಲಿಂದ ಬಂದವು? ಬಹುಪಾಲು ಪ್ರಯೋಗ ಹೊಕ್ಕುಳಬಳ್ಳಿಯ ಅಭಿಧಮನಿಯ (ವೇನ್) ಜೀವಕೋಶಗಳಲ್ಲಿ. ಹೆರಿಗೆ ಆದ ಮೇಲೆ ಸುಲಭವಾಗಿ ಸಿಗುತ್ತೆ, 1973ರಿಂದ ಬೆಳೆಸೋದು ಗೊತ್ತು, ಅದಕ್ಕೇ ಎಲ್ಲರೂ ಅದನ್ನೇ ಹಿಡಿದಿದ್ದಾರೆ. ಹುಟ್ಟುವ ಮಗುವಿನ ಬಳ್ಳಿಯ ಜೀವಕೋಶ ನೋಡಿ 60 ವರ್ಷದವರ ಹೃದಯದ ಅಪಧಮನಿ ಬಗ್ಗೆ ಮಾತಾಡೋದು ಸ್ವಲ್ಪ ಜಾಸ್ತಿ ಆಗಲ್ವಾ?

ಇನ್ನೊಂದು. "ಒಳ್ಳೆ ಹರಿವು ಅಂದರೆ ಕೆಎಲ್‌ಎಫ್2, ಕೆಟ್ಟ ಹರಿವು ಅಂದರೆ ಇಲ್ಲ" ಅನ್ನೋದು ಎಲ್ಲಾ ಕಡೆ ನಡೆಯಲ್ಲ. ಝೀಬ್ರಾಮೀನಿನ ಮರಿಯಲ್ಲಿ ಹೃದಯದ ಕವಾಟ ಆಗುವ ಜಾಗದಲ್ಲಿ ರಕ್ತ ಹಿಂದೆ ಮುಂದೆ ಹೋಗುತ್ತೆ. ಅಲ್ಲಿ ಆ ಓಲಾಟವೇ ಕೆಎಲ್‌ಎಫ್2ಎ ಜೀನನ್ನು ಏರಿಸುತ್ತೆ. ಓಲಾಟ ಕಮ್ಮಿ ಮಾಡಿದರೆ ಕವಾಟ ಸರಿಯಾಗಿ ಆಗಲ್ಲ. 2009ರ ಕೆಲಸ. ಹಾಗಾದರೆ ಓಲಾಟ ಕೆಟ್ಟದ್ದಾ, ಒಳ್ಳೆಯದಾ?

ಲ್ಯಾಬ್_ಅಕ್ಕ:
ಜಾಗ ನೋಡಿ, ವಯಸ್ಸು ನೋಡಿ ಹೇಳಬೇಕು. ಭ್ರೂಣದ ಹೃದಯಕ್ಕೆ ಕಟ್ಟುವ ಕೆಲಸ ಇದೆ, ನಮ್ಮ ಕೆರೋಟಿಡ್ಡಿಗೆ ಇರುವುದನ್ನು ಉಳಿಸಿಕೊಳ್ಳುವ ಕೆಲಸ. ಹೊಕ್ಕುಳಬಳ್ಳಿ ತಕರಾರು ನಿಜ, ಅದಕ್ಕೇ ಇಲಿಯ ಪ್ರಯೋಗವನ್ನು ಮೊದಲು ಹೇಳಿದ್ದು. ಅಂದಹಾಗೆ ನಿಮ್ಮ ಸೆಮಿನಾರಿಗೆ ಒಳ್ಳೆ ವಿಷಯ ಇದು, ಬಿಡಬೇಡಿ.

ಎಮ್ಮೆಸ್ಸಿ_ತೋಳಹುಣಸೆ:
ಗೈಡ್ ಬಿಡಬೇಕಲ್ಲ ಅಕ್ಕ.

ಡಯಾಲಿಸಿಸ್_ಹುಡುಗ:
ನಾನು ಡಯಾಲಿಸಿಸ್ ಟೆಕ್ನಿಷಿಯನ್. ನೀವೆಲ್ಲ ಇಲಿ ಮೀನು ಅಂತ ಹೋಗಿದ್ದೀರಿ. ನಾನು ಇದನ್ನು ದಿನಾ ಮನುಷ್ಯರ ಕೈಯಲ್ಲೇ ನೋಡ್ತೀನಿ. ಡಯಾಲಿಸಿಸ್‌ಗೆ ಮುಂಚೆ ಕೈಯಲ್ಲಿ ಫಿಸ್ಟುಲಾ ಮಾಡ್ತಾರೆ. ಅಂದರೆ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು ಜೋಡಿಸೋದು. 1966ರಲ್ಲಿ ಬ್ರೆಶಿಯಾ, ಚಿಮಿನೊ ಮತ್ತು ಜೊತೆಗಾರರು ಶುರು ಮಾಡಿದ್ದು. ಮಣಿಕಟ್ಟಿನ ಅಪಧಮನಿಯಲ್ಲಿ ನಿಮಿಷಕ್ಕೆ 20-30 ಎಂಎಲ್ ಹರಿಯುತ್ತಿದ್ದದ್ದು ಆಮೇಲೆ 600 ದಾಟಬೇಕು. ಆಗಲೇ ನಮಗೆ ಸೂಜಿ ಹಾಕೋಕೆ ಆಗೋದು. ಕೈ ಇಟ್ಟರೆ ಗುಂಯ್ ಅಂತ ನಡುಕ ಗೊತ್ತಾಗುತ್ತೆ. ನಾವು ಅದಕ್ಕೆ ಥ್ರಿಲ್ ಅಂತೀವಿ. ಪೇಷಂಟಿಗೆ ದಿನಾ ಮುಟ್ಟಿ ನೋಡಿ ಅಂತ ಹೇಳಿ ಕಳಿಸ್ತೀವಿ, ನಿಂತರೆ ತಕ್ಷಣ ಬರಬೇಕು.

ಜೀವಮಾನವೆಲ್ಲ ನಿಧಾನ ಹರಿವಿಗೆ ಒಗ್ಗಿದ ತೆಳು ಅಭಿಧಮನಿ. ವಾರಗಳಲ್ಲಿ ಹಿಗ್ಗುತ್ತೆ, ಗೋಡೆ ದಪ್ಪ ಆಗುತ್ತೆ. ಯಾರೂ ಔಷಧಿ ಕೊಟ್ಟಿರಲ್ಲ, ಹರಿವು ಮತ್ತು ಒತ್ತಡ ಬದಲಾಗಿದ್ದಷ್ಟೇ. ಕೆಟ್ಟರೆ ಎಲ್ಲಿ ಕೆಡುತ್ತೆ ಗೊತ್ತಾ? ಹೆಚ್ಚಿನ ಸಲ, ಹೊಲಿಗೆ ಹಾಕಿದ ಜಾಗದ ಪಕ್ಕದಲ್ಲೇ, ರಕ್ತ ತಿರುವು ಹೊಡೆಯುವ ಕಡೆ. ಒಳಗೋಡೆ ಬೆಳೆದು ದಾರಿ ಕಿರಿದಾಗುತ್ತೆ. ಮತ್ತೆ ಬಲೂನ್ ಹಾಕಿಸಬೇಕು. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಅದು ಎಷ್ಟು ಕಷ್ಟ ಅಂತ ನಮಗೆ ಗೊತ್ತು.

ಪಿಯು_ಬಯಾಲಜಿ_ಮೇಷ್ಟ್ರು:
ಬೈಪಾಸಿನಲ್ಲೂ ಇದೇ ಕಾಣುತ್ತೆ. ಕಾಲಿನಿಂದ ತೆಗೆದ ಅಭಿಧಮನಿ ಹಾಕಿದರೆ 10 ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧದಷ್ಟು ಮುಚ್ಚಿಹೋಗಿರುತ್ತೆ. ಎದೆಯ ಒಳಗಿನ ಅಪಧಮನಿ ಹಾಕಿದರೆ ಸುಮಾರು 90% ತೆರೆದೇ ಇರುತ್ತೆ. ಕಾರಣ ಹಲವು, ಆದರೆ ಅಪಧಮನಿಯ ಹರಿವಿಗೆ ಮೊದಲೇ ಒಗ್ಗಿದ ಒಳಪದರ ಅನ್ನುವುದೂ ಒಂದು.

ಕುಂದವಾಡ_ವಾಕರ್:
ನನಗೆ ಬೈಪಾಸ್ ಆಗಿದೆ. ಯಾವ ನಾಳ ಹಾಕಿದಾರೆ ಅಂತ ಕೇಳೇ ಇಲ್ಲ. ಕಾಲಲ್ಲಿ ಉದ್ದ ಗಾಯ ಇದೆ, ಅಂದರೆ ಅದೇ ಇರಬೇಕು ಅಲ್ವಾ.

ಲ್ಯಾಬ್_ಅಕ್ಕ:
ಹೆಚ್ಚಿನವರಿಗೆ ಎರಡನ್ನೂ ಸೇರಿಸಿ ಹಾಕಿರುತ್ತಾರೆ ಅಂಕಲ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತೆ, ಹೆದರಬೇಡಿ. ನಡೆಯೋದು ನಿಲ್ಲಿಸಬೇಡಿ.

ಮಂಡಿಪೇಟೆ_ಮಗ:
ಕೊನೇ ಪ್ರಶ್ನೆ. ಸ್ಟೆಂಟ್ ಹಾಕಿದ ಮೇಲೆ ಅಲ್ಲಿ ಹರಿವು ಏನಾಗುತ್ತೆ? ಅದೂ ತಂತಿ ಬಲೆ ತಾನೇ. ಅದರಿಂದಲೇ ಹೊಸ ಸುಳಿ ಏಳಲ್ವಾ?

ಹರಿಹರ_ಮೆಕ್ಯಾನಿಕಲ್:
ಏಳಲೇಬೇಕು. ಪ್ರತಿ ತಂತಿಯ ಹಿಂದೆ ಒಂದು ಚಿಕ್ಕ ಸುಳಿ. ತಂತಿ ದಪ್ಪ ಆದಷ್ಟೂ ಸುಳಿ ದೊಡ್ಡದು. ಇದು ನನ್ನ ಸಬ್ಜೆಕ್ಟು, ಇಲ್ಲಿ ನನ್ನ ಜೊತೆ ಯಾರೂ ವಾದ ಮಾಡಬೇಡಿ.

ಲ್ಯಾಬ್_ಅಕ್ಕ:
ಇಲ್ಲಿ ವಾದವೇ ಇಲ್ಲ, ಸರಿಯಾಗೇ ಹೇಳಿದಿರಿ. ಅದಕ್ಕೇ ಹೊಸ ಸ್ಟೆಂಟುಗಳ ತಂತಿಯನ್ನು ತೆಳುವಾಗಿಸುತ್ತಾ ಬಂದಿದ್ದಾರೆ. ಒಳಪದರ ಮತ್ತೆ ಬೆಳೆದು ಆ ತಂತಿಗಳನ್ನು ಮುಚ್ಚಬೇಕು. ಔಷಧಿ ಸವರಿದ ಸ್ಟೆಂಟಿನಲ್ಲಿ ಆ ಔಷಧಿ ಗೋಡೆ ದಪ್ಪ ಆಗುವುದನ್ನು ತಡೆಯುತ್ತೆ, ಜೊತೆಗೆ ಒಳಪದರ ಬೆಳೆಯುವುದನ್ನೂ ನಿಧಾನ ಮಾಡುತ್ತೆ. ಅಲ್ಲಿಯವರೆಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಕೊಟ್ಟಿರುತ್ತಾರೆ. ಅಪ್ಪ "ಆರಾಮಾಗಿದ್ದೀನಲ್ಲ, ಯಾಕೆ ಮಾತ್ರೆ" ಅನ್ನಬಹುದು. ಡಾಕ್ಟ್ರು ಹೇಳುವ ತನಕ ಒಂದು ದಿನವೂ ತಪ್ಪಿಸಬೇಡಿ. ಹಲ್ಲು ಕೀಳಿಸಲು ಹೋದರೂ ಮೊದಲು ಹೃದಯದ ಡಾಕ್ಟ್ರನ್ನು ಕೇಳಿ.

ಮಂಡಿಪೇಟೆ_ಮಗ:
ನಿನ್ನೆ ತಾನೇ ಅಂದರು ಆ ಮಾತು! ಈಗಲೇ ಹೋಗಿ ಡಬ್ಬಿ ನೋಡ್ತೀನಿ.

ಬೆಣ್ಣೆದೋಸೆ_ಭಕ್ತ:
ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಡಯಾಲಿಸಿಸ್_ಹುಡುಗ:
ಒಂದು ಖಾಲಿ ದೋಸೆ ಹೇಳು ಗುರು.

ಹರಿಹರ_ಮೆಕ್ಯಾನಿಕಲ್:
ಬಡಿತದ ಹರಿವಿಗೆ ಘನದ ಸೂತ್ರ ಯಾಕೆ ಸಾಲಲ್ಲ ಅಂತ ನಾಳೆ ಬೇರೆ ಥ್ರೆಡ್ಡಿನಲ್ಲಿ ಹಾಕ್ತೀನಿ. ಅಕ್ಕ ಮತ್ತು ಮೇಷ್ಟ್ರು ಕಡ್ಡಾಯವಾಗಿ ಬರಬೇಕು.